ಪೈಲಟ್ ಆಗಿದ್ದು ಸ್ಕೈಡೈವಿಂಗ್‌ಗೆ ಬಂದವರಿಗೆ: ಮೊದಲ ಕ್ಯಾನೊಪಿ (ಪ್ಯಾರಾಚೂಟ್) ಯಾವ ಸೈಜ್? ಲ್ಯಾಂಡಿಂಗ್ ಯಾಕೆ ಗುರಿಗೆ ಕೂರುತ್ತಿಲ್ಲ?

ಹೊಸಬ_ಪೆರಿಸ್

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಪೆರಿಸ್‌ನಲ್ಲಿ ಜಂಪ್ ಮಾಡ್ತೀನಿ. ಒಟ್ಟು 31 ಜಂಪ್, ಯುಎಸ್‌ಪಿಎ (ಅಮೆರಿಕದ ಪ್ಯಾರಾಚೂಟ್ ಸಂಘ) ‘ಎ’ ಲೈಸೆನ್ಸ್, ಅಂದರೆ ಮೊದಲ ಹಂತದ್ದು. ಅದಕ್ಕೂ ಮುಂಚಿನಿಂದ ಪ್ರೈವೇಟ್ ಪೈಲಟ್ ಸರ್ಟಿಫಿಕೇಟ್ ಇದೆ, ಹೆಚ್ಚಾಗಿ ಸೆಸ್ನಾ 172 ಅನ್ನೋ ಸಣ್ಣ ವಿಮಾನ. ಮೂರು ವಿಷಯ ಕೇಳಬೇಕಿತ್ತು.

ಒಂದು, ಈಗ ಬಾಡಿಗೆಗೆ 210 ಚದರ ಅಡಿ ಕ್ಯಾನೊಪಿ ಹಾರಿಸ್ತಿದೀನಿ. ಮೈತೂಕ 75 ಕೆಜಿ, ರಿಗ್ (ಮುಖ್ಯ ಪ್ಯಾರಾಚೂಟ್ ಮೇನ್, ತುರ್ತಿನ ಪ್ಯಾರಾಚೂಟ್ ರಿಸರ್ವ್, ಎರಡೂ ಇರುವ ಬೆನ್ನುಚೀಲ), ಹೆಲ್ಮೆಟ್, ಬಟ್ಟೆ ಎಲ್ಲ ಸೇರಿ ಎಕ್ಸಿಟ್ ವೇಟ್ ಸುಮಾರು 192 ಪೌಂಡ್. 170ರ ಸೆಕೆಂಡ್ ಹ್ಯಾಂಡ್ ರಿಗ್ ಒಂದು ಒಳ್ಳೆ ಬೆಲೆಗೆ ಬಂದಿದೆ. ತಗೋಬಹುದಾ?

ಎರಡು, ಪ್ಯಾಟರ್ನ್, ಅಂದರೆ ಇಳಿಯುವ ಮೊದಲಿನ ಸುತ್ತು. 1,000 ಅಡಿಗೆ ಡೌನ್‌ವಿಂಡ್ (ಗಾಳಿ ಬೆನ್ನಿಗೆ), 600ಕ್ಕೆ ಬೇಸ್ (ಗಾಳಿಗೆ ಅಡ್ಡ), 300ಕ್ಕೆ ಫೈನಲ್ (ಗಾಳಿಗೆ ಎದುರು). ವಿಮಾನದಲ್ಲಿ ಮಾಡೋ ಹಾಗೇ ನೆಲದ ಮೇಲೆ ಗುರುತು ಇಟ್ಟುಕೊಂಡು ತಿರುಗ್ತೀನಿ. ಆದರೂ ಬೆಳಿಗ್ಗೆ ಗಾಳಿ ಇಲ್ಲದಾಗ ಗುರಿ ದಾಟಿ ಎಷ್ಟೋ ಮುಂದೆ ಹೋಗ್ತೀನಿ, ಮಧ್ಯಾಹ್ನ ಗಾಳಿ ಎದ್ದ ಮೇಲೆ ಗುರಿ ಮುಟ್ಟೋದೇ ಇಲ್ಲ.

ಮೂರು, ಈ ಪ್ರೈವೇಟ್ ಸರ್ಟಿಫಿಕೇಟ್‌ನಲ್ಲೇ ಜಂಪ್ ವಿಮಾನ ಹಾರಿಸಬಹುದಾ?

ಕಣ್ಣಳತೆ

ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಅಪಾಯ ಇರೋದು ಅಲ್ಲೇ. ಉತ್ತರ ನಿಮ್ಮ ಮಾತಿನಲ್ಲೇ ಇದೆ: ಗಾಳಿ ಎಷ್ಟೇ ಇರಲಿ, ನೆಲದ ಮೇಲಿನ ಗುರುತುಗಳು ಬದಲಾಗ್ತಿಲ್ಲ. 172ರಲ್ಲಿ ಅದು ನಡೆಯುತ್ತೆ. ಕಡಿಮೆ ಬಿದ್ದರೆ ಥ್ರಾಟಲ್ ಇದೆ, ಹೆಚ್ಚಾದರೆ ಫ್ಲ್ಯಾಪ್ ಇದೆ, ಏನೂ ಸರಿಹೋಗದಿದ್ದರೆ ಮತ್ತೆ ಮೇಲೇರಿ ಸುತ್ತಿ ಬರೋ ಗೋ-ಅರೌಂಡ್ ಇದೆ. ಇಲ್ಲಿ ಮೂರೂ ಇಲ್ಲ. ಅದೂ ಅಲ್ಲದೆ ಅಪ್ರೋಚ್‌ನಲ್ಲಿ 65 ನಾಟ್ ಹೋಗುವ ವಿಮಾನಕ್ಕೆ 10 ನಾಟ್ ಎದುರುಗಾಳಿ ಸಣ್ಣ ತಿದ್ದುಪಡಿ. ಗಂಟೆಗೆ 25 ಮೈಲಿ ಹೋಗುವ ಕ್ಯಾನೊಪಿಗೆ ಅದು ಹೆಚ್ಚುಕಡಿಮೆ ಅರ್ಧ ವೇಗ.

ಲೆಕ್ಕ ಹಾಕಿ ನೋಡಿ. ಮುಂದಕ್ಕೆ 25 ಮೈಲಿ ವೇಗ, ಸೆಕೆಂಡಿಗೆ 14 ಅಡಿ ಇಳಿತ ಅಂತ ಇಟ್ಟುಕೊಳ್ಳಿ. 300 ಅಡಿಯಿಂದ ನೆಲಕ್ಕೆ ಸುಮಾರು 21 ಸೆಕೆಂಡ್. ಗಾಳಿ ಇಲ್ಲದಾಗ ಅಷ್ಟರಲ್ಲಿ 780 ಅಡಿ ಮುಂದೆ ಹೋಗ್ತೀರಿ. 12 ಮೈಲಿ ಎದುರುಗಾಳಿ ಇದ್ದರೆ 400 ಅಡಿ ಮಾತ್ರ. ಡೌನ್‌ವಿಂಡ್‌ನಲ್ಲಿ ಇದೇ ಲೆಕ್ಕ ತಿರುಗಾಮುರುಗಾ: 1,000ದಿಂದ 600ಕ್ಕೆ ಇಳಿಯುವಷ್ಟರಲ್ಲಿ ಗಾಳಿ ಇಲ್ಲದಾಗ ಸುಮಾರು 1,050 ಅಡಿ, ಅದೇ 12 ಮೈಲಿ ಗಾಳಿ ಬೆನ್ನಿಗಿದ್ದರೆ 1,550 ಅಡಿ. ಬೇಸ್‌ನಲ್ಲಿ ಕ್ರ್ಯಾಬ್ ಮಾಡದೆ (ಮೂಗನ್ನು ಸ್ವಲ್ಪ ಗಾಳಿ ಬರುವ ಕಡೆಗೆ ತಿರುಗಿಸದೆ) ಹೋದರೆ ಇನ್ನೂ 350 ಅಡಿಗಿಂತ ಹೆಚ್ಚು ಗಾಳಿಯ ದಿಕ್ಕಿಗೆ ಜಾರ್ತೀರಿ. ಆದ್ದರಿಂದ ಗಾಳಿ ಹೆಚ್ಚಿದಷ್ಟೂ ಇಡೀ ಪ್ಯಾಟರ್ನನ್ನು ಗಾಳಿ ಬರುವ ಕಡೆಗೆ ಸರಿಸಬೇಕು, ಫೈನಲ್ ಮೊಟಕಾಗಬೇಕು. 1,000, 600, 300 ಅನ್ನುವ ಎತ್ತರಗಳು ಹಾಗೇ ಇರುತ್ತವೆ, ನೆಲದ ಮೇಲಿನ ಜಾಗ ಮಾತ್ರ ದಿನವೂ, ಕೆಲವೊಮ್ಮೆ ಲೋಡಿನಿಂದ ಲೋಡಿಗೂ (ವಿಮಾನದ ಒಂದು ಹಾರಾಟದಿಂದ ಇನ್ನೊಂದಕ್ಕೂ), ಬದಲಾಗುತ್ತೆ.

ವಿಮಾನ ಹತ್ತುವ ಮೊದಲು ವಿಂಡ್‌ಸಾಕ್ ನೋಡಿ, ಡ್ರಾಪ್‌ಝೋನ್‌ನ (ಜಂಪ್ ಮಾಡಿ ಇಳಿಯುವ ಜಾಗದ) ಏರಿಯಲ್ ಫೋಟೋ ಮೇಲೆ ಆ ದಿನದ ಮೂರು ಬಿಂದು ಗುರುತು ಮಾಡಿ. ಲೆಕ್ಕವನ್ನು ಹಿಂದಿನಿಂದ ಹಾಕಬೇಕು: ಗುರಿಯಿಂದ ಫೈನಲ್ ಶುರುವಿಗೆ, ಅಲ್ಲಿಂದ ಬೇಸ್‌ಗೆ, ಆಮೇಲೆ ಡೌನ್‌ವಿಂಡ್‌ಗೆ.

ಫೈನಲ್‌ನಲ್ಲಿ ನಿಮ್ಮ ಪೈಲಟ್ ಕಣ್ಣು ನಿಜಕ್ಕೂ ಉಪಯೋಗಕ್ಕೆ ಬರುತ್ತೆ. ರನ್‌ವೇ ನೋಡುವಾಗ ಮೇಲೂ ಏರದೆ ಕೆಳಗೂ ಇಳಿಯದೆ ನಿಂತಂತೆ ಕಾಣುವ ಬಿಂದುವನ್ನು ಹುಡುಕ್ತೀರಲ್ಲ, ಇಲ್ಲೂ ನೀವು ಮುಟ್ಟೋದು ಅಲ್ಲಿಗೇ. ನೆಲದ ಹತ್ತಿರ ಗಾಳಿ ಕಡಿಮೆಯಾಗುವುದರಿಂದ ಕೊನೆಯಲ್ಲಿ ಸ್ವಲ್ಪ ಮುಂದಕ್ಕೆ ಜರುಗುತ್ತೆ, ಅಷ್ಟೇ. ಗುರಿ ದಾಟ್ತೀರಿ ಅಂತ ಗೊತ್ತಾಯ್ತಾ, ಎದುರಿಗೆ ಬಯಲು ಖಾಲಿ ಇದೆಯಾ, ದಾಟಿ. ಎಸ್-ಟರ್ನ್ ಬೇಡ, ಹಿಂದೆ ಬರ್ತಿರೋರಿಗೆ ನೀವು ಯಾವ ಕಡೆ ಹೊರಳ್ತೀರಿ ಅಂತ ಗೊತ್ತಾಗಲ್ಲ. ನೂರು ಅಡಿ ಹೆಚ್ಚು ನಡೆದರೆ ಯಾರ ಕಾಲೂ ಮುರಿಯಲ್ಲ. ಗುರಿಗೇ ಇಳೀಬೇಕು ಅಂತ 100 ಅಡಿಯಲ್ಲಿ ಟಾಗಲ್ (ಕ್ಯಾನೊಪಿ ತಿರುಗಿಸುವ ಹಿಡಿ) ಎಳೆದು ತಿರುಗಿದರೆ ಮುರಿಯುತ್ತೆ. ಕ್ಯಾನೊಪಿ ತಿರುಗುವಾಗ ಡೈವ್ ಮಾಡುತ್ತೆ, ಮತ್ತೆ ನೇರವಾಗಿ ನೀವು ಅದರ ಕೆಳಗೆ ಬರೋಕೆ ಬೇಕಾದ ಎತ್ತರ ಅಲ್ಲಿ ಇರೋದಿಲ್ಲ.

ಪ್ಯಾಕಿಂಗ್_ಮ್ಯಾಟ್

170 ಬೇಡ. 192 ಭಾಗಿಸು 170 ಅಂದರೆ ವಿಂಗ್ ಲೋಡಿಂಗ್ (ಚದರ ಅಡಿಗೆ ಎಷ್ಟು ಪೌಂಡ್ ಅನ್ನೋದು) 1.13. 190 ಆದರೆ 1.01, ಈಗಿನ 210ರಲ್ಲಿ 0.91. ‘ಎ’ ಮತ್ತು ‘ಬಿ’ ಲೈಸೆನ್ಸ್ ಹಂತದಲ್ಲಿ ಚದರ ಅಡಿಗೆ 1 ಪೌಂಡ್ ದಾಟಬಾರದು ಅನ್ನೋದು ಸುಮ್ಮನೆ ಹೇಳುವ ಮಾತಲ್ಲ. ಕ್ಯಾನೊಪಿ ಚಿಕ್ಕದಾದಂತೆ ಲೈನ್‌ಗಳೂ (ಹಗ್ಗಗಳೂ) ಗಿಡ್ಡವಾಗುತ್ತವೆ, ಟಾಗಲ್ ಸ್ವಲ್ಪ ಎಳೆದರೂ ಬೇಗ ತಿರುಗುತ್ತೆ, ತಿರುವಿನಲ್ಲಿ ಕಳೆದುಕೊಳ್ಳುವ ಎತ್ತರವೂ ಜಾಸ್ತಿ. 190 ಆ ಮಿತಿಯ ಅಂಚಿನಲ್ಲೇ ಇದೆ, ಬಾಡಿಗೆಗೆ ಸಿಕ್ಕರೆ ಅದರಲ್ಲಿ ಕೆಲವು ಡಜನ್ ಜಂಪ್ ಮಾಡಿ: ಗಾಳಿ ಇಲ್ಲದ ದಿನ, ಗಾಳಿ ಇರುವ ದಿನ, ಬ್ರೇಕ್ ಹಿಡಿದುಕೊಂಡೇ ನಿಧಾನಕ್ಕೆ ತಿರುಗುವ ಫ್ಲ್ಯಾಟ್ ಟರ್ನ್, ಎಲ್ಲ. ಆಮೇಲೆ ಕೊಳ್ಳುವ ಮಾತು.

ಸೆಕೆಂಡ್ ಹ್ಯಾಂಡ್ ರಿಗ್ ಯಾವುದೇ ಇರಲಿ, ದುಡ್ಡು ಕೊಡುವ ಮೊದಲು ನಿಮ್ಮದೇ ರಿಗ್ಗರ್ (ರಿಗ್ ತಪಾಸಣೆ, ದುರಸ್ತಿ ಮಾಡುವವರು) ಕೈಗೆ ಕೊಟ್ಟು ತಪಾಸಣೆ ಮಾಡಿಸಿ. ಮಾರುವವರ ರಿಗ್ಗರ್ ಹೇಳಿದ್ದು ಲೆಕ್ಕಕ್ಕೆ ಬೇಡ.

ಮುಖ್ಯವಾಗಿ ನೋಡಬೇಕಾದ್ದು ಲೈನ್‌ಗಳು. ಸ್ಪೆಕ್ಟ್ರಾ ಲೈನ್ ಸ್ಲೈಡರ್ (ಕ್ಯಾನೊಪಿ ನಿಧಾನಕ್ಕೆ ಬಿಚ್ಚಿಕೊಳ್ಳಲು ಲೈನ್‌ಗಳ ಮೇಲೆ ಜಾರುವ ಬಟ್ಟೆ ತುಂಡು) ಉಜ್ಜಾಟದ ಬಿಸಿಗೆ ಕುಗ್ಗುತ್ತೆ. ಹೊರಗಿನ ಲೈನ್‌ಗಳು, ಅದರಲ್ಲೂ ಸ್ಟೀರಿಂಗ್ ಲೈನ್, ಹೆಚ್ಚು ಕುಗ್ಗುತ್ತವೆ. ಆಗ ಟಾಗಲ್ ಪೂರ್ತಿ ಮೇಲೆ ಬಿಟ್ಟಿದ್ದರೂ ಕ್ಯಾನೊಪಿಯ ಬಾಲ ಕೆಳಕ್ಕೆ ಎಳೆದುಕೊಂಡೇ ಇರುತ್ತೆ, ವೇಗ ಬರಲ್ಲ, ಫ್ಲೇರ್‌ಗೆ (ಇಳಿಯುವ ಕ್ಷಣದಲ್ಲಿ ಟಾಗಲ್ ಎಳೆದು ವೇಗ ತಗ್ಗಿಸೋದಕ್ಕೆ) ಜೀವ ಇರಲ್ಲ, ಎಷ್ಟೋ ಸಲ ಓಪನಿಂಗ್ ಕೂಡ ಹದಗೆಡುತ್ತೆ. ವೆಕ್ಟ್ರಾನ್, ಎಚ್‌ಎಂಎ ಲೈನ್‌ಗಳು ಕುಗ್ಗಲ್ಲ, ಆದರೆ ಸವೆದು ಏಕಾಏಕಿ ಕಿತ್ತುಹೋಗಬಹುದು. ಲೈನ್ ಸೆಟ್ ಬದಲಿಸುವ ಖರ್ಚನ್ನು ಚೌಕಾಸಿಯಲ್ಲಿ ಸೇರಿಸಿಕೊಳ್ಳಿ.

ಪೈಲಟ್ ಚ್ಯೂಟ್‌ನ (ಮೇನನ್ನು ಹೊರಗೆಳೆಯುವ ಪುಟ್ಟ ಪ್ಯಾರಾಚೂಟ್‌ನ) ಕಿಲ್ ಲೈನ್, ಅಂದರೆ ಕೆಲಸ ಮುಗಿದ ಮೇಲೆ ಅದನ್ನು ಮುದುಡಿಸುವ ಹಗ್ಗ, ಕೂಡ ಹಾಗೇ ಕುಗ್ಗುತ್ತೆ. ಪ್ಯಾಕ್ ಮಾಡುವಾಗ ಕಾಕ್ ಮಾಡಿದ (ಕಿಲ್ ಲೈನ್ ಎಳೆದು ಸಜ್ಜು ಮಾಡಿದ) ಮೇಲೆ ಬ್ರೈಡಲ್‌ನ (ಪೈಲಟ್ ಚ್ಯೂಟನ್ನು ಮೇನ್‌ಗೆ ಜೋಡಿಸುವ ಪಟ್ಟಿಯ) ಕಿಟಕಿಯಲ್ಲಿ ಬಣ್ಣದ ಗುರುತು ಕಾಣಬೇಕು. ಕಾಕ್ ಮಾಡದೆ ಬಿಟ್ಟರೆ ಪೈಲಟ್ ಚ್ಯೂಟ್ ಉಬ್ಬದೆ ಚಿಂದಿಯ ಹಾಗೆ ಹಿಂದೆ ಜೋತಾಡುತ್ತೆ, ಮೇನ್ ಹೊರಗೇ ಬರಲ್ಲ. ಕಂಟೇನರ್ ಮುಚ್ಚುವಾಗ ಒಂದು ಸಲ, ರಿಗ್ ಹಾಕಿಕೊಳ್ಳುವ ಮೊದಲು ಇನ್ನೊಂದು ಸಲ ಆ ಕಿಟಕಿ ನೋಡಿ.

ತ್ರೀ-ರಿಂಗ್ (ಕೆಟ್ಟ ಮೇನನ್ನು ಕಳಚುವ ಉಂಗುರಗಳು) ತಿಂಗಳಿಗೊಮ್ಮೆ ಬಿಚ್ಚಿ, ರೈಸರ್ (ಲೈನ್‌ಗಳನ್ನು ರಿಗ್‌ಗೆ ಜೋಡಿಸುವ ಪಟ್ಟಿ) ವೆಬ್ಬಿಂಗನ್ನು ಕೈಯಲ್ಲಿ ಮಡಿಸಿ ತಿರುಚಿ ಮೆತ್ತಗೆ ಮಾಡಿ, ಕಟ್‌ಅವೇ (ಮೇನ್ ಕಳಚುವ) ಹಳದಿ ಕೇಬಲ್ ಒರೆಸಿಡಿ. ವೆಬ್ಬಿಂಗ್ ಬಿಗಿದು ಕೂತರೆ ಕಟ್‌ಅವೇ ಮಾಡುವಾಗ ರಿಂಗ್ ತಕ್ಷಣ ಬಿಚ್ಚಿಕೊಳ್ಳದೇ ಇರಬಹುದು. ಪೆರಿಸ್‌ನಂಥ ಧೂಳಿನ ಜಾಗದಲ್ಲಿ ಈ ಕೆಲಸ ಮುಂದೂಡಬೇಡಿ.

ರಿಸರ್ವ್ ಸೈಜ್ ಬಗ್ಗೆ ಯಾರೂ ಕೇಳಲ್ಲ, ಕೇಳಬೇಕು. ಎಎಡಿ (ತಾನಾಗೇ ಕೆಲಸ ಮಾಡುವ ಸಾಧನ) ರಿಸರ್ವ್ ಬಿಡಿಸಿದ ಹೊತ್ತಿಗೆ ಜಂಪರ್‌ಗೆ ಪ್ರಜ್ಞೆ ಇಲ್ಲದಿದ್ದರೆ ಫ್ಲೇರ್ ಮಾಡುವವರು ಯಾರೂ ಇಲ್ಲ. ಆಗ ಬದುಕಿಸೋದು ದೊಡ್ಡ ರಿಸರ್ವ್. ಅಮೆರಿಕದಲ್ಲಿ ರಿಸರ್ವ್ ರೀಪ್ಯಾಕ್ 180 ದಿನಕ್ಕೊಮ್ಮೆ, ಡೇಟಾ ಕಾರ್ಡ್‌ನಲ್ಲಿ ತಾರೀಖು ನೋಡಿ. ಎಎಡಿಯ ಆಯುಷ್ಯ ಎಣಿಸೋದು ತಯಾರಾದ ತಾರೀಖಿನಿಂದ, ನೀವು ಕೊಂಡ ದಿನದಿಂದ ಅಲ್ಲ.

ನೂರೆಂಬತ್ತೆರಡು

ಮೂರನೇ ಪ್ರಶ್ನೆಗೆ: ಕಮರ್ಷಿಯಲ್ ಸರ್ಟಿಫಿಕೇಟ್ ಮಾಡ್ಕೊಳ್ಳಿ. ಪ್ರೈವೇಟ್ ಪೈಲಟ್ ಪ್ರತಿಫಲಕ್ಕೆ ಹಾರಿಸುವಂತಿಲ್ಲ. ಸಂಬಳ ಇಲ್ಲ, ಪುಕ್ಕಟೆ ಗಂಟೆ ಕೂಡುತ್ತೆ ಅಷ್ಟೇ ಅಂದರೂ ಎಫ್‌ಎಎ (ಅಮೆರಿಕದ ವಿಮಾನಯಾನ ಪ್ರಾಧಿಕಾರ) ಆ ಗಂಟೆಗಳನ್ನೇ ಪ್ರತಿಫಲ ಅಂತ ನೋಡುತ್ತೆ. ಸಾಮಾನ್ಯ ದಾರಿಯಲ್ಲಿ ಕಮರ್ಷಿಯಲ್‌ಗೆ 250 ಗಂಟೆ ಬೇಕು.

ಜಂಪ್ ಹಾರಾಟ ಅಂದರೆ ಬರೀ ಏರಿ ಇಳಿಯೋದಲ್ಲ. ಸೆಸ್ನಾ 182ರಲ್ಲಿ ಪೈಲಟ್ ಸೀಟ್ ಬಿಟ್ಟು ಉಳಿದದ್ದೆಲ್ಲ ತೆಗೆದು ಸಾಮಾನ್ಯವಾಗಿ 4 ಜಂಪರ್‌ಗಳನ್ನು ನೆಲದ ಮೇಲೆ ಕೂರಿಸ್ತೀವಿ. ಬಲಗಡೆ ಬಾಗಿಲು ತೆಗೆದು ಇಬ್ಬರು ಸ್ಟ್ರಟ್ (ರೆಕ್ಕೆಯ ಆಸರೆ ಕಂಬಿ) ಹಿಡಿದು ಹೊರಗೆ ನಿಂತರೆ ಆ ಕಡೆ ಡ್ರ್ಯಾಗ್ (ಗಾಳಿಯ ತಡೆ), ಮೂಗು ಬಲಕ್ಕೆ ಎಳೆಯುತ್ತೆ, ಎಡ ರಡ್ಡರ್ ಕೊಟ್ಟೇ ಇರಬೇಕು. ಚಕ್ರದ ಮೇಲೆ ಕಾಲಿಡುವವರಿರುತ್ತಾರೆ, ಬ್ರೇಕ್ ತುಳಿದು ಹಿಡಿಯದಿದ್ದರೆ ಚಕ್ರ ಉರುಳಿ ಕಾಲು ಜಾರುತ್ತೆ. ಇದೆಲ್ಲ ಪವರ್ ತಗ್ಗಿಸಿ ನಿಧಾನಕ್ಕೆ ಹೋಗುವಾಗಲೇ ಆಗೋದು. ಸ್ಟಾಲ್ (ರೆಕ್ಕೆ ಎತ್ತುವ ಬಲ ಕಳೆದುಕೊಳ್ಳೋದು) ಅಲ್ಲೇ ಪಕ್ಕದಲ್ಲಿರುತ್ತೆ. ಹಿಂಬದಿ ಬಾಗಿಲಿನ ಕ್ಯಾರವಾನ್, ಟ್ವಿನ್ ಆಟರ್‌ನಲ್ಲಿ ಎಲ್ಲರೂ ಒಟ್ಟಿಗೆ ಬಾಗಿಲ ಕಡೆ ನುಗ್ಗಿದರೆ ಸಿಜಿ (ಗುರುತ್ವ ಕೇಂದ್ರ) ಹಿಂದಕ್ಕೆ ಹೋಗಿ ಅದೇ ಗತಿ. ಜಂಪರ್ ಆಗಿ ನಿಮಗೂ ಇದು ಗೊತ್ತಿರಲಿ: ಪೈಲಟ್ ‘ಮುಂದೆ ಬನ್ನಿ’ ಅಂದರೆ ವಾದ ಬೇಡ.

ಬಾಗಿಲು ತೆರೆದಿರುವಾಗ ಹ್ಯಾಂಡಲ್‌ಗಳನ್ನೂ ಬೆನ್ನಿನ ಪಿನ್ನನ್ನೂ ಕಾಪಾಡಿಕೊಳ್ಳಿ. ಪೈಲಟ್ ಚ್ಯೂಟ್ ಒಳಗೇ ಬಿದ್ದರೆ ಗಬಕ್ಕನೆ ಹಿಡಿದು ಬಾಗಿಲು ಮುಚ್ಚಬೇಕು. ಹೊರಗೆ ಹೋಗಿಬಿಟ್ಟರೆ ಆ ಜಂಪರ್ ತಕ್ಷಣ ಅದರ ಹಿಂದೆಯೇ ಹೋಗಬೇಕು. ತಡ ಮಾಡಿದರೆ ಕ್ಯಾನೊಪಿ ಅವರನ್ನು ಬಾಗಿಲಿನ ಅಂಚಿಗೆ, ವಿಮಾನದ ಬಾಲಕ್ಕೆ ಎಳೆದು ಬಡಿಯುತ್ತೆ. ಬಾಲ ಹೋದರೆ ವಿಮಾನವೂ ಹೋಯಿತು.

ಎಲ್ಲರೂ ಹೊರಗೆ ಜಿಗಿದ ಮೇಲೆ ಪವರ್ ಒಮ್ಮೆಲೇ ಎಳೆದು ಮೂಗು ಕೆಳಗೆ ಹಾಕೋ ಆಸೆ ಬೇಡ, ಸಿಲಿಂಡರ್ ಒಮ್ಮೆಲೇ ತಣ್ಣಗಾಗುತ್ತವೆ. ಕೌಲ್ ಫ್ಲ್ಯಾಪ್ (ಎಂಜಿನ್ ತಂಪಿಗೆ ಗಾಳಿ ಬಿಡುವ ಮುಚ್ಚಳ) ಮುಚ್ಚಿ, ಪವರ್ ಹಂತ ಹಂತವಾಗಿ ಇಳಿಸಿ.

ಒಂದಾದ ಮೇಲೊಂದು ಜಿಗಿಯುವ ಗುಂಪುಗಳ ನಡುವಿನ ಅಂತರದ ಬಗ್ಗೆಯೂ ಒಂದು ಮಾತು. ಮೊದಲು ಜಿಗಿದವರು 45 ಡಿಗ್ರಿ ಕೋನಕ್ಕೆ ಬಂದ ಮೇಲೆ ಹಾರಿ ಅಂತ ಹೇಳುವವರು ಈಗಲೂ ಇದ್ದಾರೆ. ಆ ಲೆಕ್ಕ ಕೆಲಸ ಮಾಡಲ್ಲ, ನೋಡಬೇಕಾದ್ದು ಗ್ರೌಂಡ್ ಸ್ಪೀಡ್, ಅಂದರೆ ನೆಲಕ್ಕೆ ಹೋಲಿಸಿದ ವಿಮಾನದ ವೇಗ. 80 ನಾಟ್ ಅಂದರೆ ಸೆಕೆಂಡಿಗೆ 135 ಅಡಿ, 1,000 ಅಡಿ ಅಂತರಕ್ಕೆ 7ರಿಂದ 8 ಸೆಕೆಂಡ್. ಮೇಲಿನ ಗಾಳಿ ಜೋರಾಗಿ ಗ್ರೌಂಡ್ ಸ್ಪೀಡ್ 50ಕ್ಕೆ ಇಳಿದರೆ 12 ಸೆಕೆಂಡ್. ಗುಂಪು ದೊಡ್ಡದಾದರೆ ಇನ್ನೂ ಜಾಸ್ತಿ. ನೀವು ಪೈಲಟ್, ಜಿಪಿಎಸ್ ಓದೋಕೆ ಬರುತ್ತೆ. ಕೇಳಿ ತಿಳ್ಕೊಂಡು ಸೆಕೆಂಡ್ ಎಣಿಸಿ.

ಹೊಸಬ_ಪೆರಿಸ್

ತುಂಬಾ ಧನ್ಯವಾದ. 170 ಕೈಬಿಟ್ಟೆ. ಇನ್ನೊಂದು ಅನುಮಾನ ಉಳೀತು. ಫ್ಲೇರ್ ಸ್ವಲ್ಪ ಮೇಲೇ ಶುರುವಾದರೆ 172ರಲ್ಲಿ ಯೋಕ್ (ಸ್ಟೀರಿಂಗ್ ಹಿಡಿ) ಸ್ವಲ್ಪ ಸಡಿಲಿಸಿ ಮತ್ತೆ ಎಳೀತೀವಿ. ಟಾಗಲ್‌ನಲ್ಲೂ ಹಾಗೇ ತಾನೇ?

ಕಣ್ಣಳತೆ

ಖಂಡಿತ ಇಲ್ಲ! ಪೈಲಟ್‌ಗಳ ಕೈಗೆ ಅಂಟಿರುವ ಅಭ್ಯಾಸಗಳಲ್ಲಿ ಮೊದಲು ಬಿಡಬೇಕಾದ್ದು ಇದೇ. ಟಾಗಲ್ ಮೇಲೆ ಬಿಟ್ಟ ಕೂಡಲೇ ಕ್ಯಾನೊಪಿ ನಿಮ್ಮ ತಲೆ ದಾಟಿ ಮುಂದಕ್ಕೆ ನುಗ್ಗಿ ಡೈವ್ ಮಾಡುತ್ತೆ, 15 ಅಡಿಯಿಂದ ನೆಲಕ್ಕೆ ಅಪ್ಪಳಿಸ್ತೀರಿ. ಮೇಲೇ ಫ್ಲೇರ್ ಆಯ್ತಾ, ಕೈ ಎಲ್ಲಿದೆಯೋ ಅಲ್ಲೇ ನಿಲ್ಲಿಸಿ ಹಿಡಿಯಿರಿ, ಕಾಲು ಮಂಡಿ ಜೋಡಿಸಿ, ನೆಲ ಹತ್ತಿರ ಬಂದಾಗ ಉಳಿದದ್ದನ್ನು ಪೂರ್ತಿ ಎಳೆದು ಪಿಎಲ್‌ಎಫ್ (ಪೆಟ್ಟಾಗದಂತೆ ಉರುಳಿ ಬೀಳೋದು) ಮಾಡಿ. ಎರಡೂ ಕೈ ಸಮ ಇರಲಿ. ಬೀಳುವ ಕಡೆಗೆ ಒಂದು ಕೈ ಚಾಚಿದರೆ ಆ ಟಾಗಲ್ ಎಳೆದಂತಾಗಿ ಕ್ಯಾನೊಪಿ ಅತ್ತಲೇ ತಿರುಗುತ್ತೆ.

ಅಲ್ಟಿಮೀಟರ್ ಕೂಡ ಗಮನಿಸಿ. ವಿಮಾನದ್ದು ಸಮುದ್ರ ಮಟ್ಟದಿಂದ, ನಿಮ್ಮ ಕೈಯದ್ದು ನೆಲದಲ್ಲಿ ಸೊನ್ನೆಗೆ ಇಟ್ಟದ್ದು. ಪೆರಿಸ್ ವಿಮಾನ ನಿಲ್ದಾಣ 1,413 ಅಡಿ ಎತ್ತರದಲ್ಲಿದೆ. ಕಾಕ್‌ಪಿಟ್‌ನಲ್ಲಿ 14,000 ಇದ್ದಾಗ ನಿಮ್ಮ ಕೈಯಲ್ಲಿ ಸುಮಾರು 12,600. ‘ಎ’ ಲೈಸೆನ್ಸ್‌ಗೆ 3,000 ಅಡಿಗೆ ಮೊದಲೇ ಮೇನ್ ಎಳೆಯಬೇಕು, ಅದು ಕೆಟ್ಟಿದ್ದರೆ 2,500ಕ್ಕೆ ಇಳಿಯೋದರೊಳಗೆ ಕಟ್‌ಅವೇ ನಿರ್ಧಾರ ಮುಗಿದಿರಬೇಕು. ಇವೆಲ್ಲ ನೆಲದಿಂದಿನ ಎತ್ತರ. ವಿಮಾನದ ಡಯಲ್ ನೋಡಿ ಮನಸ್ಸಿನಲ್ಲಿ ಲೆಕ್ಕ ಇಟ್ಟುಕೊಳ್ಳುವ ಚಟ ಬಿಡಿ.

ನೂರೆಂಬತ್ತೆರಡು

ಎತ್ತರದ ಮಾತು ಬಂತು, ಅದಕ್ಕೆ ಇದನ್ನೂ ಸೇರಿಸ್ತೀನಿ. ಮೋಡ ಮುಚ್ಚಿ ಜಂಪ್ ಮಾಡದೆ ವಿಮಾನದಲ್ಲೇ ವಾಪಸ್ ಇಳಿಯಬೇಕಾದಾಗ, ಲೋಡಿನಲ್ಲಿ ವಿದ್ಯಾರ್ಥಿಗಳಿದ್ದರೆ ಅವರ ರಿಗ್‌ನಲ್ಲಿರೋದು ಸ್ಟೂಡೆಂಟ್ ಮೋಡ್ ಎಎಡಿ. ಸೈಪ್ರಸ್ ಅನ್ನೋ ಎಎಡಿಯ ಎಕ್ಸ್‌ಪರ್ಟ್ ಮೋಡ್ ಸುಮಾರು 750 ಅಡಿಯಲ್ಲಿ ಗಂಟೆಗೆ 78 ಮೈಲಿಗಿಂತ ವೇಗವಾಗಿ ಬೀಳ್ತಿದ್ದರೆ ಮಾತ್ರ ಕೆಲಸ ಮಾಡುತ್ತೆ. ಸ್ಟೂಡೆಂಟ್‌ಗೆ 29 ಮೈಲಿ ಸಾಕು, ನಿಧಾನಕ್ಕೆ ಬೀಳುವಾಗ ಅದು 1,000 ಅಡಿಗೇ ಕೆಲಸ ಮಾಡಬಹುದು. 29 ಮೈಲಿ ಅಂದರೆ ನಿಮಿಷಕ್ಕೆ ಸುಮಾರು 2,550 ಅಡಿ ಇಳಿತ, ಜಂಪ್ ವಿಮಾನ ಸಲೀಸಾಗಿ ಮುಟ್ಟುವ ಅಂಕಿ. ಕ್ಯಾಬಿನ್ ಒಳಗೆ ರಿಸರ್ವ್ ಬಿಚ್ಚಿಕೊಂಡರೆ, ಬಾಗಿಲು ತೆರೆದಿದ್ದರಂತೂ, ಏನಾಗುತ್ತೆ ಅಂತ ಮೇಲೆ ಬರೆದಿದೀನಿ. ಆದ್ದರಿಂದ ಬಾಗಿಲು ಮುಚ್ಚಿ, ಬೆಲ್ಟ್ ಹಾಕಿಸಿ, ಆ ಇಳಿತಕ್ಕಿಂತ ತೀರಾ ಕಡಿಮೆಯಲ್ಲಿ ಇಳಿಯಬೇಕು. ಪೈಲಟ್‌ಗೆ ಇದು ಹೊಳೆಯದೇ ಹೋದರೆ ಹಿಂದೆ ಕೂತವರು ಕೂಗಿ ಹೇಳಿ.