ಆನಿಮೆ ವಿಆರ್‌ಗಾಗಿ ಹೆಡ್‌ಸೆಟ್ ಕೊಳ್ಳಬಹುದೇ?

ಪ್ರಶ್ನೆ (ವಿರಾಜಪೇಟೆ):
ಕಕ್ಕಡ ಮಾಸದ ಮಳೆಗೆ ಮನೆಯೊಳಗೇ ಉಳಿದಿರುವ ನನ್ನ 12 ವರ್ಷದ ಮಗಳು, ಆನಿಮೆ (ಜಪಾನಿ ಅನಿಮೇಷನ್) ಲೋಕದೊಳಗೇ ನಿಲ್ಲಿಸುವ ವಿಆರ್ (ವರ್ಚುವಲ್ ರಿಯಾಲಿಟಿ, ಅಂದರೆ ಸುತ್ತಲೂ ಕಾಣುವ ಕೃತಕ ಲೋಕ) ಅನುಭವಗಳಿಗಾಗಿ ಕಣ್ಣಿಗೆ ಕಟ್ಟಿಕೊಳ್ಳುವ ಹೆಡ್‌ಸೆಟ್ ಬೇಕೆನ್ನುತ್ತಿದ್ದಾಳೆ. ಅವು ಬೆಲೆಗೆ ತಕ್ಕಂತಿವೆಯೇ?

ಉತ್ತರ (ಮಡಿಕೇರಿ):
ಪಾತ್ರವು ನಮ್ಮಷ್ಟೇ ಎತ್ತರವಾಗಿ ಎದುರು ನಿಂತು ಕಣ್ಣಲ್ಲಿ ಕಣ್ಣಿಟ್ಟು ಮಾತನಾಡುವ ಸುಖವನ್ನು ಟಿವಿ ಕೊಡಲಾರದು. ಸಪಾಟು ಬಣ್ಣಗಳ ಶೈಲಿಯು ಹೆಡ್‌ಸೆಟ್‌ನ ಪುಟ್ಟ ಪ್ರೊಸೆಸರ್‌ಗೂ ಹಗುರ. ತೊಡಕಿರುವುದು ಚಲನೆಯಲ್ಲಿ: ಆನಿಮೆಯಲ್ಲಿ ಸೆಕೆಂಡಿಗೆ 24 ಚೌಕಟ್ಟುಗಳಿದ್ದರೂ (ಫ್ರೇಮ್) ಒಂದೇ ಚಿತ್ರವನ್ನು ಎರಡು ಮೂರು ಚೌಕಟ್ಟುಗಳವರೆಗೆ ಹಿಡಿದಿಡುವುದೇ ವಾಡಿಕೆ, ಆದರೆ ವಿಆರ್ ದೃಶ್ಯವು ಸೆಕೆಂಡಿಗೆ 72 ಅಥವಾ 90 ಬಾರಿ ಹೊಸದಾಗದಿದ್ದರೆ ತಲೆ ಸುತ್ತುತ್ತದೆ. ಪಾತ್ರವೂ ಅಷ್ಟೇ ನಯವಾಗಿ ಚಲಿಸಿದರೆ ಆನಿಮೆಯ ಆ ಚುರುಕು ಮಾಯವಾಗಿ ಬೊಂಬೆಯಂತಾಗುತ್ತದೆ. ಮುಂದಿನಿಂದ ಚೆಂದವಿರುವ ಮುಖ ಓರೆಯಿಂದ ವಿಚಿತ್ರವಾಗಿ ಕಾಣುವುದೂ ಉಂಟು.

ಉತ್ತರ (ಸೋಮವಾರಪೇಟೆ):
ಅಕ್ಕ, ಕುಳಿತು ನೋಡುವಂಥವನ್ನೇ ಆರಿಸಿ. ಹಾರಾಟದ ಆಟಗಳಲ್ಲಿ ಕಣ್ಣು ಚಲನೆಯನ್ನು ಕಾಣುತ್ತದೆ, ಒಳಕಿವಿ ಅದನ್ನು ಅರಿಯುವುದಿಲ್ಲ. ಈ ಗೊಂದಲಕ್ಕೆ ನನಗೆ ಹತ್ತೇ ನಿಮಿಷದಲ್ಲಿ ವಾಕರಿಕೆ ಬಂತು, ಭಾಗಮಂಡಲದ ತಿರುವುಗಳಲ್ಲೂ ಹಾಗಾದವನಲ್ಲ. ಮೆಟಾ ಕಂಪನಿಯು 2023ರಲ್ಲಿ ತನ್ನ ವಿಆರ್ ಹೆಡ್‌ಸೆಟ್ ಆದ ಕ್ವೆಸ್ಟ್‌ನ ಕನಿಷ್ಠ ವಯಸ್ಸನ್ನು 13ರಿಂದ 10ಕ್ಕೆ ಇಳಿಸಿದೆಯಾದರೂ ಮಗುವಿನ ಖಾತೆ ಪೋಷಕರ ನಿಯಂತ್ರಣದಲ್ಲಿರಬೇಕು.

ಪ್ರಶ್ನೆ ಕೇಳಿದವರು:
ಧನ್ಯವಾದಗಳು. ಕೊಳ್ಳುವ ಮೊದಲು ಮೈಸೂರಿನಲ್ಲಿರುವ ತಮ್ಮನ ಹೆಡ್‌ಸೆಟ್‌ನಲ್ಲಿ ಅವಳಿಗೆ ಒಮ್ಮೆ ತೋರಿಸುತ್ತೇನೆ.