ಈ ವರ್ಷ ನಿಮಗೆ ಜಾಸ್ತಿ ಹಿಡಿಸಿದ ಹಾಡಿಕೆ ಯಾವುದು?

ಪ್ರಶ್ನೆ (ಕಲಬುರಗಿ): ಹಿಂದೂಸ್ತಾನಿ ಕಚೇರಿ ಬಹಳ ಕೇಳಿದೆ. ಆದರೆ ಮನಸ್ಸಲ್ಲಿ ನಿಂತದ್ದು ಊರ ಭಜನೆಯಲ್ಲಿ ಕೇಳಿದ ಕಡಕೋಳ ಮಡಿವಾಳಪ್ಪನವರ ತತ್ವಪದ. ಏಕತಾರಿ, ದಮ್ಮಡಿ, ತಾಳ, ಅಷ್ಟೇ. ನಡುವೆ ಕರೆಂಟ್ ಹೋಯಿತು, ಹಾಡು ನಿಲ್ಲಲಿಲ್ಲ. ಕಚೇರಿಗಳಲ್ಲಿ ಸನ್ಮಾನಕ್ಕೇ ಒಂದು ತಾಸು ಹೋಗುತ್ತದೆ, ಕೊನೆಗೆ ಭೈರವಿ ರಾಗ ಓಡಿಸಿ ಮುಗಿಸುತ್ತಾರೆ. ನಿಮ್ಮದು ಹೇಳಿ.

ಉತ್ತರ: ಅಣ್ಣಾ, ಕಲಬುರಗಿಯ ಬಂದೇನವಾಜ್ ದರ್ಗಾದ ಉರುಸಿನ ಕವ್ವಾಲಿ ಬಿಟ್ಟಿರಲ್ಲ! ಒಂದೇ ಸಾಲನ್ನು ತಿರುಗಿಸಿ ತಿರುಗಿಸಿ ಹಾಡುತ್ತಾರೆ. ನನಗೆ ಉರ್ದು ಅರ್ಧಂಬರ್ಧ, ಆದರೂ ಮೈ ಜುಂ ಅಂತು.

ಉತ್ತರ (ಯಾದಗಿರಿ): ನನ್ನ ಓಟು ಮೊಹರಂ ರಿವಾಯತ್ ಪದಗಳಿಗೆ. ಕರ್ಬಲಾ ಕಾಳಗದ ಕಥೆ, ಹಾಡುವುದು ಕನ್ನಡದಲ್ಲಿ. ನಮ್ಮೂರ ಹುಡುಗರು ಸುಮ್ನೆ ಮೊಬೈಲಲ್ಲಿ ಹಿಡಿಯುತ್ತಾರೆ, ಕಲಿಯುವವರು ಕಡಿಮೆ.

ಪ್ರಶ್ನೆ ಕೇಳಿದವರು: ರೆಕಾರ್ಡಿಂಗ್ ಇದ್ದರೆ ಹಾಕ್ರಿ, ಕೇಳ್ತೀನಿ.