ಸಹಾಯ ಬೇಕು: ವಿಮಾನ ರದ್ದಾಗಿದೆ, ಪರಿಹಾರ ಕೊಡುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ನಾವು ಕಾರವಾರದವರು. ಹೋದ ತಿಂಗಳು ಅಕ್ಕನ ಬಾಣಂತನಕ್ಕೆ ಅಂತ ಅಮ್ಮನ ಜೊತೆ ಗೋವಾದ ದಾಬೋಲಿಮ್ ವಿಮಾನ ನಿಲ್ದಾಣದಿಂದ ಹೈದರಾಬಾದಿಗೆ ಹೊರಟಿದ್ದೆ. ಬೋರ್ಡಿಂಗ್ ಪಾಸ್ ಕೊಟ್ಟು ಎರಡು ತಾಸಾದ ಮೇಲೆ ವಿಮಾನ ರದ್ದು ಅಂದರು. ಅಮ್ಮ ಅಂಟಿನುಂಡೆ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದರು. ಪಾಪ, ನೋಡೋಕೆ ಆಗಲಿಲ್ಲ. ರಾತ್ರಿ ಟ್ಯಾಕ್ಸಿ ಮಾಡಿ ವಾಪಸ್ ಬಂದೆವು.

ಟಿಕೆಟ್ ದುಡ್ಡು ವಾಪಸ್ ಬಂದಿದೆ. ಆದರೆ ಮೊದಲೇ ತಿಳಿಸದೆ ರದ್ದು ಮಾಡಿದರೆ ಅದರ ಜೊತೆಗೆ ಪರಿಹಾರವನ್ನೂ ಕೊಡಬೇಕು ಅಂತ ಡಿಜಿಸಿಎ (ವಿಮಾನಯಾನ ನಿಯಂತ್ರಿಸುವ ಕೇಂದ್ರ ಸರ್ಕಾರದ ಸಂಸ್ಥೆ) ನಿಯಮವಿದೆ. ಒಂದರಿಂದ ಎರಡು ತಾಸಿನ ಹಾರಾಟಕ್ಕೆ 7,500 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕ, ಯಾವುದು ಕಡಿಮೆಯೋ ಅದು. ಹವಾಮಾನದಂತಹ, ವಿಮಾನ ಕಂಪನಿಯ ಕೈಮೀರಿದ ಕಾರಣವಾದರೆ ಇದು ಸಿಗುವುದಿಲ್ಲ.

ಸಮಸ್ಯೆ ಇರುವುದೇ ಇಲ್ಲಿ. ಕೌಂಟರಿನಲ್ಲಿ ಬಾಯಿಮಾತಲ್ಲಿ "ಟೆಕ್ನಿಕಲ್ ಪ್ರಾಬ್ಲಮ್" ಅಂದರು. ಆಮೇಲೆ ಮೇಲ್‌ನಲ್ಲಿ "ಹವಾಮಾನ" ಅಂತ ಬರೆದಿದ್ದಾರೆ. ಅದೇ ಹೊತ್ತಿಗೆ ಬೇರೆ ವಿಮಾನಗಳು ಹೋಗಿದ್ದನ್ನು ಕಣ್ಣಾರೆ ನೋಡಿದ್ದೇವೆ. ಕಸ್ಟಮರ್ ಕೇರ್‌ಗೆ ಮೂರು ಸಲ ಫೋನ್ ಮಾಡಿದೆ. ವಿಮಾನ ಪ್ರಯಾಣಿಕರ ದೂರಿಗೆ ಸರ್ಕಾರ ಮಾಡಿರುವ ಏರ್‌ಸೇವಾ ಪೋರ್ಟಲ್‌ನಲ್ಲೂ ದೂರು ಹಾಕಿದೆ. ಅದೇ ಉತ್ತರ ಕೊಟ್ಟು ಮುಚ್ಚಿಬಿಟ್ಟರು.

ಈಗ ಕಾರವಾರದ ಗ್ರಾಹಕರ ಆಯೋಗಕ್ಕೇ ಹೋಗೋಣ ಅಂತಿದ್ದೇನೆ. ನಾವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಅಲ್ವಾ? ಅಂದು ಹವಾಮಾನ ಚೆನ್ನಾಗಿತ್ತು ಅಂತ ತೋರಿಸಲು ಯಾವ ದಾಖಲೆ ಬೇಕು, ಅದನ್ನು ಎಲ್ಲಿ ಕೇಳಬೇಕು? ಹೀಗೆ ಕೇಸ್ ಹಾಕಿದವರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ.